ಇದ್ರಲ್ಲಿ ನಾನಿದ್ದೀನಾ ಸಾರ್?

ಓದುಗರ ಪತ್ರ: "ಸಂಪಾದಕರೇ, ಹೋದ ಸಂಚಿಕೆಯಲ್ಲಿ ಮಕ್ಕಳ ಪುಟ ಕಿತ್ತು ಹಾಕಿ, ಪುರಸಭೆ ನೌಕರರ ಗ್ರಾಚ್ಯುಟಿ ಬಗ್ಗೆ ಎರಡು ಪುಟ ತುಂಬಿಸಿದ್ದೀರಿ. ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಇದು ಬೇಕಿತ್ತೇ? ಇಂಥ ಸುದ್ದಿ ನಿಮಗಿಂತ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಅಲ್ಲದೆ ಏಳನೇ ವೇತನ ಆಯೋಗ ಜಾರಿಯಾದ ಮೇಲೆ ಅವರಿಗೆಲ್ಲ ಸಂಬಳ ಚೆನ್ನಾಗಿಯೇ ಇದೆ." – ನಿವೃತ್ತ ಮುಖ್ಯೋಪಾಧ್ಯಾಯರು, ಶಿವಮೊಗ್ಗ ಜಿಲ್ಲೆ

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ಈಗಿನ ಕಾಲದಲ್ಲಿ ಇನ್‌ಲ್ಯಾಂಡ್ ಪತ್ರದಲ್ಲಿ ಬೈಸಿಕೊಳ್ಳುವುದೂ ಒಂದು ಭಾಗ್ಯವೇ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಮಕ್ಕಳ ಪುಟ ತೆಗೆದದ್ದು ಸರಿಯಲ್ಲ. ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಕೈಗೆ ಬರುವ ಇಡಿಗಂಟಿನ, ಲೆಕ್ಕದ ಪಟ್ಟಿಗೆ ಹಾಕಿದ ಹಸಿರು ಬಣ್ಣವೂ ಕಣ್ಣಿಗೆ ಹೊಡೆಯುವ ಹಾಗಿತ್ತು. ಇಷ್ಟು ನಿಮ್ಮ ಕಡೆಗೆ. ಉಳಿದದ್ದರಲ್ಲಿ ನಾನು ಸ್ವಲ್ಪ ಹಟಮಾರಿ.

ಮೂವತ್ತು ವರ್ಷದ ಹಿಂದಿನ ಮಾತು. ಜಿಲ್ಲಾ ಮಟ್ಟದ ಒಂದು ದಿನಪತ್ರಿಕೆಯಲ್ಲಿ ನಾನು ಉಪಸಂಪಾದಕ. ಒಂದು ಬೆಳಿಗ್ಗೆ ಊರಿನ ವಾಲ್ವ್‌ಮನ್ ಕಚೇರಿಗೆ ಬಂದರು. ಬೀದಿ ಬೀದಿಗೆ ನೀರು ಬಿಡುವವರು. ಸೈಕಲ್ ಕ್ಯಾರಿಯರ್‌ಗೆ ಎದೆಯೆತ್ತರದ ಕಬ್ಬಿಣದ ಕೀ ಕಟ್ಟಿತ್ತು. ಪ್ಯಾಂಟು ಮೊಣಕಾಲಿನವರೆಗೂ ಒದ್ದೆ. ನಮ್ಮ ಬೀದಿಯ ವಾಲ್ವ್‌ಗೆ ಎಷ್ಟು ಸುತ್ತು, ಹಿಂದಿನ ಬೀದಿಗೆ ಎಷ್ಟು ಸುತ್ತು ಎನ್ನುವುದು ಅವರ ಕೈಗೇ ಗೊತ್ತಿತ್ತು. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ನಾಲ್ಕು ಮಡಿಕೆ ಮಾಡಿದ ನಮ್ಮದೇ ಪತ್ರಿಕೆಯ ತುಣುಕು. ಶೀರ್ಷಿಕೆ: "ನೌಕರರಿಗೆ ಸಿಹಿಸುದ್ದಿ: ತುಟ್ಟಿಭತ್ಯೆ ಏರಿಕೆ". ಕೊಟ್ಟವನು ನಾನೇ.

"ಇದ್ರಲ್ಲಿ ನಾನಿದ್ದೀನಾ ಸಾರ್?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಪುರಸಭೆ ಕಚೇರಿಗೆ ಫೋನ್ ಮಾಡಿ ಕೇಳಿದೆ. ಆ ಕಡೆಯವರು, "ಅವ್ರು ಗುತ್ತಿಗೆ ಮೇಲೆ ಇರೋರು ಸಾರ್, ಅವ್ರಿಗೆ ಬರಲ್ಲ" ಎಂದರು. ಹೇಳಿದೆ. ಅವರು ಕಾಗದವನ್ನು ಹಳೇ ಮಡಿಕೆಯಲ್ಲೇ ಮತ್ತೆ ಮಡಚಿ ಕವರ್‌ಗೆ ಹಾಕಿಕೊಂಡರು. "ಹಾಗಾದ್ರೆ 'ನೌಕರರಿಗೆ' ಅಂತ ಯಾಕೆ ಹಾಕಿದ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಅವತ್ತಿನಿಂದ ನನ್ನ ಕೈಯಲ್ಲಿ 'ಸಿಹಿಸುದ್ದಿ' ಎನ್ನುವ ಪದ ಬರೆಸಲು ಯಾರಿಂದಲೂ ಆಗಿಲ್ಲ.

ಈಗ ನಿಮ್ಮ "ಅವರಿಗೆಲ್ಲ" ಎನ್ನುವ ಮಾತಿಗೆ ಬರೋಣ. ಅವರು ಅಂದರೆ ಯಾರು ಮೇಷ್ಟ್ರೇ? ಸುಧಾಕರ್ ರಾವ್ ಅಧ್ಯಕ್ಷರಾಗಿದ್ದ ರಾಜ್ಯದ ಏಳನೇ ವೇತನ ಆಯೋಗ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಆಗಸ್ಟ್ 1ರಿಂದ ಹೊಸ ಸಂಬಳ ಬಂತು. ಹಳೇ ಮೂಲ ವೇತನಕ್ಕೆ ತುಟ್ಟಿಭತ್ಯೆಯ ಜೊತೆ ಸೇರಿಸುವ ಏರಿಕೆ (ಫಿಟ್‌ಮೆಂಟ್) ಶೇ 27.5. ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ನಿಮ್ಮ ಪಿಂಚಣಿಯೂ ಏರಿರಬೇಕು. ಏರಲಿ, ಸಂತೋಷ. ಆದರೆ 2025ರ ಜುಲೈನಲ್ಲಿ ಮಹಾನಗರ ಪಾಲಿಕೆಗಳ ನೌಕರರು ಕೆಲಸ ನಿಲ್ಲಿಸಿ ಕೂತಿದ್ದರಲ್ಲ, ನೆನಪಿದೆಯೇ? ಕಸ ಎತ್ತಲಿಲ್ಲ ಎಂದು ಊರೆಲ್ಲ ಬೈದಿತು. ಅವರು ಕೇಳಿದ್ದರಲ್ಲಿ ಮುಖ್ಯವಾದದ್ದು ಇದೇ ಏಳನೇ ವೇತನ ಆಯೋಗದ ಸವಲತ್ತು. ಕಾಯಂ ನೌಕರರ ಕಥೆಯೇ ಹೀಗಿದ್ದರೆ, ಹೊರಗುತ್ತಿಗೆಯಲ್ಲಿ ದುಡಿಯುವವರ ಮನೆಗೆ ಆಯೋಗ ಎಲ್ಲಿಂದ ಬರಬೇಕು?

ಅದೇ ವರ್ಷ ಮೇ 1ರಂದು ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ಕಾಯಂ ಆದೇಶ ಸಿಕ್ಕಿತು. ದೊಡ್ಡ ಕೆಲಸವೇ. ಹೆಣ್ಣುಮಕ್ಕಳು ಆದೇಶದ ಪ್ರತಿ ಹಿಡಿದು ನಿಂತ ಫೋಟೋ ನೋಡಿ ನನಗೂ ಗಂಟಲು ಕಟ್ಟಿತು. ಆದರೆ ಕಸದ ಆಟೋ ಓಡಿಸುವವನು, ಅದಕ್ಕೆ ಕಸ ತುಂಬುವ ಲೋಡರ್ ಆ ಲೆಕ್ಕದಲ್ಲಿ ಇರಲಿಲ್ಲ. ಎಷ್ಟು ಪತ್ರಿಕೆಗಳು ಇದನ್ನು ಒಂದು ಸಾಲಿನಲ್ಲಾದರೂ ಬರೆದವು?

ಗ್ರಾಚ್ಯುಟಿ ವಿಷಯ ಇನ್ನೂ ಸೊಗಸು. ಸರ್ಕಾರಿ ಕನ್ನಡದಲ್ಲಿ ಅದಕ್ಕೆ 'ಉಪದಾನ' ಅನ್ನುತ್ತಾರೆ. ಬಾಲದಲ್ಲಿ ದಾನ ಕೂತಿದೆ, ನೋಡಿ. ಇಪ್ಪತ್ತು ವರ್ಷ ದುಡಿದವನಿಗೆ ಕೊಡಬೇಕಾದ ದುಡ್ಡು ದಾನ ಹೇಗಾಗುತ್ತದೆ? ಪಕ್ಕದಲ್ಲೇ 'ತುಟ್ಟಿಭತ್ಯೆ' ಇಟ್ಟು ನೋಡಿ. ತುಟ್ಟಿಯಾಯಿತು, ಅದಕ್ಕೇ ಕೊಟ್ಟರು. ಅಜ್ಜಿಗೂ ಅರ್ಥವಾಗುತ್ತದೆ.

1972ರ ಗ್ರಾಚ್ಯುಟಿ ಕಾಯ್ದೆಯನ್ನು 1982ರ ಜನವರಿಯಲ್ಲೇ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸ್ಥಳೀಯ ಸಂಸ್ಥೆಗಳಿಗೂ ಅನ್ವಯಿಸಿತ್ತು. ಆದರೂ ಕಾನ್ಪುರದ ನಗರ ನಿಗಮ "ಇದು ನಮಗೆ ಅನ್ವಯಿಸುವುದಿಲ್ಲ" ಎಂದು ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಅನ್ವಯಿಸುತ್ತದೆ ಎಂದು ಕೋರ್ಟ್ ಹೇಳಿದ್ದು 2019ರಲ್ಲಿ. ಮೂವತ್ತೇಳು ವರ್ಷ! ಅಷ್ಟರಲ್ಲಿ ಒಂದು ಇಡೀ ಪೀಳಿಗೆ ಕೆಲಸಕ್ಕೆ ಸೇರಿ ನಿವೃತ್ತಿಯೂ ಆಗುತ್ತದೆ. ಅದಕ್ಕೆ ಹಿಂದಿನ ವರ್ಷ ಛತ್ತೀಸ್‌ಗಢದ ಸರ್ಕಾರಿ ಇಲಾಖೆಯೊಂದರ ನೌಕರರೊಬ್ಬರ ಪ್ರಕರಣ ಬಂದಿತ್ತು. ಒಟ್ಟು 25 ವರ್ಷದ ಕೆಲಸ. ಅದರಲ್ಲಿ 22 ವರ್ಷ ದಿನಗೂಲಿ, ಕಾಯಂ ಆಗಿದ್ದು ಕೊನೆಯ ಮೂರು ವರ್ಷ. ಕಾಯಂ ಆಗಿ ಐದು ವರ್ಷ ತುಂಬಿಲ್ಲ, ಕೊಡಲ್ಲ ಎಂದಿತ್ತು ಸರ್ಕಾರ. ಪೂರ್ತಿ 25 ವರ್ಷಕ್ಕೂ ಕೊಡಿ ಎಂದಿತು ಕೋರ್ಟ್. ಈ ಸುದ್ದಿ ನಿಮ್ಮ ಊರಿನ ಬೀದಿ ಗುಡಿಸುವ ಹೆಣ್ಣುಮಗಳಿಗೆ ಯಾರು ಹೇಳಿದರು? ಅವಳ ದಿನಗೂಲಿ ವರ್ಷಗಳೂ ಲೆಕ್ಕಕ್ಕೆ ಬರಬಹುದು ಎಂಬುದು ಅವಳಿಗೆ ಗೊತ್ತಾಗಬೇಡವೇ?

ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ ಎನ್ನುತ್ತೀರಿ. ಬರುತ್ತದೆ, ನನಗೂ ಬರುತ್ತದೆ. "ಬಂಪರ್! ಎಲ್ಲಾ ನೌಕರರಿಗೂ!!" ತಾರೀಖು ಇಲ್ಲ, ಆದೇಶದ ಸಂಖ್ಯೆ ಇಲ್ಲ. ಎರಡು ವರ್ಷದ ಹಿಂದಿನದು ಮತ್ತೆ ತಿರುಗಿ ಬರುತ್ತದೆ, ಹಬ್ಬದ ಶುಭಾಶಯದ ಹಾಗೆ. ಇನ್ನು ನಿಜವಾದ ಸುತ್ತೋಲೆ ಓದಿದ್ದೀರಾ? ನೀವು ಮುಖ್ಯೋಪಾಧ್ಯಾಯರಾಗಿದ್ದವರು, ಓದಿರಲೇಬೇಕು. "ಮೇಲೆ ಓದಲಾದ ಕ್ರಮ ಸಂಖ್ಯೆ (2)ರ ಆದೇಶದಲ್ಲಿನ ಷರತ್ತುಗಳಿಗೊಳಪಟ್ಟು" ಎಂದು ಶುರುವಾಗುವ ವಾಕ್ಯ ಪುಟ ತಿರುಗಿಸಿದರೂ ಮುಗಿಯುವುದಿಲ್ಲ. ಕ್ರಿಯಾಪದ ಸಿಗುವ ಹೊತ್ತಿಗೆ ಕರ್ತೃ ಯಾರೆಂದೇ ಮರೆತುಹೋಗಿರುತ್ತದೆ. ಅದು ವಿಷಯ ನಿರ್ವಾಹಕರ ಮೇಜಿಗೆ ಬರುತ್ತದೆ, ಕಡತಕ್ಕೆ ಸೇರುತ್ತದೆ. ಸೂಚನಾ ಫಲಕಕ್ಕೆ ಬರುವುದಿಲ್ಲ. ಫಲಕದ ಗಾಜಿನ ಬಾಗಿಲಿಗೆ ಬೀಗ, ಬೀಗದ ಕೀ ಯಾರ ಹತ್ತಿರವೋ. ಒಳಗೆ ಅಂಗಡಿ ಮಳಿಗೆ ಹರಾಜಿನ ಹಳೇ ಪ್ರಕಟಣೆ ಹಳದಿಯಾಗಿ ಅಂಟಿಕೊಂಡಿರುತ್ತದೆ. ನಿಮ್ಮ ಊರಿನದನ್ನು ಒಮ್ಮೆ ನೋಡಿ ಬನ್ನಿ, ನನ್ನ ಮಾತು ಸುಳ್ಳಾದರೆ ಒಂದು ವರ್ಷದ ಚಂದಾ ವಾಪಸ್.

ನಮ್ಮ ಹಳೇ ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ತೂಬು ತೆಗೆದು ಗದ್ದೆಗದ್ದೆಗೆ ನೀರು ಹಾಯಿಸುವವನು. ಸುಗ್ಗಿಯಲ್ಲಿ ರೈತರು ಅವನ ಪಾಲು ಅಳೆದು ಕೊಡುತ್ತಿದ್ದರು. ಆ ಕಾಲ ಚೆನ್ನಾಗಿತ್ತು ಅಂತಲ್ಲ. ಯಾವ ಜಾತಿಯವನಿಗೆ ಯಾವ ಕೆಲಸ ಎಂದು ಊರೇ ಗೆರೆ ಎಳೆದಿತ್ತು. ಆದರೆ ಅವನಿಗೆ ಎಷ್ಟು ಕೊಳಗ ಬರಬೇಕು ಎಂಬುದು ಅವನಿಗೂ ಗೊತ್ತಿತ್ತು, ಕಣದಲ್ಲಿ ನಿಂತ ನಾಲ್ಕು ಜನಕ್ಕೂ ಗೊತ್ತಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಒಂದು ಸಂಬಳದ ಪಟ್ಟಿ ಇದೆ. ಪುರೋಹಿತ, ಸೇನಾಪತಿಗಳಿಗೆ 48,000 ಪಣ. ಇಳಿಯುತ್ತಾ ಇಳಿಯುತ್ತಾ ಕೊನೆಗೆ ದನ ಕಾಯುವಂಥ ಆಳುಗಳಿಗೆ 60 ಪಣ. ಅನ್ಯಾಯ ಎದ್ದು ಕಾಣುತ್ತದೆ. ಆದರೂ ಆ 60 ಪಣದವನು ಪಟ್ಟಿಯಲ್ಲಿದ್ದಾನೆ! ಈಗಿನ ಟೆಂಡರ್ ಕಾಗದದಲ್ಲಿ ಮನುಷ್ಯ ಬರೀ "ಮಾನವ ಸಂಪನ್ಮೂಲ ಸರಬರಾಜು". ಪೈಪು ಸರಬರಾಜು, ಬ್ಲೀಚಿಂಗ್ ಪೌಡರ್ ಸರಬರಾಜು, ಮನುಷ್ಯ ಸರಬರಾಜು.

ಇದೇ ರಾಜ್ಯದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 70ರ ದಶಕದಲ್ಲಿ, ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಪೌರಕಾರ್ಮಿಕರ ಸ್ಥಿತಿ ನೋಡಲು ಐಪಿಡಿ ಸಾಲಪ್ಪನವರ ಸಮಿತಿಯೂ ಆ ಕಾಲದ್ದೇ. ಇಂದಿಗೂ ಸಂಘದವರು ಮನವಿ ಬರೆಯುವಾಗ ಸಾಲಪ್ಪ ವರದಿ ಎನ್ನುತ್ತಾರೆ. ಅರ್ಧ ಶತಮಾನದ ಹಿಂದಿನ ವರದಿಯನ್ನು ಇನ್ನೂ ಕೇಳಬೇಕಾಗಿದೆ ಎಂದರೆ ಏನು ಹೇಳೋಣ. ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನಾಚರಣೆ. ಶಾಲು, ಹಾರ, ಊಟ. ಶಾಲಿನ ಜೊತೆ ಅವರವರ ಪಿಎಫ್ ಖಾತೆಯ ಒಂದು ಚೀಟಿ ಕೊಟ್ಟರೆ ಏನು ಗಂಟು ಹೋಗುತ್ತದೆ?

ಮಕ್ಕಳ ಪುಟ ಈ ಸಂಚಿಕೆಯಿಂದ ಮತ್ತೆ ಇದೆ, ನೋಡಿ. ಸವಲತ್ತಿನ ಪುಟವೂ ಇರುತ್ತದೆ, ಒಂದೇ ಪುಟ, ಹಸಿರು ಬಣ್ಣವಿಲ್ಲದೆ. ಯಾರಿಗೆ, ಯಾವತ್ತಿನಿಂದ, ಯಾವ ಕಾಗದ, ಯಾರ ಕೈಗೆ ಕೊಟ್ಟು ಸ್ವೀಕೃತಿ ತಗೋಬೇಕು, ಇಷ್ಟೇ. ಮೇಲ್ಗಡೆ ದಪ್ಪ ಅಕ್ಷರದಲ್ಲಿ, "ಇದು ಯಾರಿಗೆ ಅನ್ವಯಿಸುವುದಿಲ್ಲ".

ಹಾಂ, ಒಂದು ತಿದ್ದುಪಡಿ. ಹೋದ ಸಲದ ಪಟ್ಟಿಯಲ್ಲಿ ತಿಂಗಳ ಸಂಬಳವನ್ನು 30ರಿಂದ ಭಾಗಿಸಿ ಎಂದು ಅಚ್ಚಾಗಿತ್ತು. 26 ಆಗಬೇಕು. ಅದನ್ನು 15ರಿಂದ ಗುಣಿಸಿ, ಆಮೇಲೆ ದುಡಿದ ವರ್ಷಗಳಿಂದ ಗುಣಿಸಿ. ಕೊನೆಯ ಸಂಬಳ 18,000 ಇದ್ದು 20 ವರ್ಷ ದುಡಿದವರಿಗೆ 1,80,000 ಅಲ್ಲ, 2,07,692 ರೂಪಾಯಿ. ಈ ತಪ್ಪು ನಮ್ಮಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ನಿಮ್ಮ ಕಣ್ಣಿಗೂ ಬೀಳಲಿಲ್ಲ ಮೇಷ್ಟ್ರೇ. ಹಾವೇರಿ ಕಡೆಯಿಂದ ಪಿಯುಸಿ ಓದುವ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಅವಳ ಅಮ್ಮ ಪುರಸಭೆಯಲ್ಲಿ ಕಸ ಗುಡಿಸುತ್ತಾರೆ. "ಸರ, ನಿಮ್ಮ ಲೆಕ್ಕದಾಗ ನಮ್ಮವ್ವಗ ಇಪ್ಪತ್ತೇಳು ಸಾವಿರ ಕಡಿಮಿ ಬರ್ತದ" ಎಂದಳು.