‘ಯೆಹೂದಿಗಳ ಪ್ರಕಾರ’ ಎಂದು ಬರೆಯುವ ಮುನ್ನ

ಪ್ರಿಯ ಲೇಖಕರೇ,

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 22ನೆಯ ಅಧ್ಯಾಯದಲ್ಲಿ ಅಬ್ರಹಾಮನು ದೇವರ ಅಪ್ಪಣೆಯಂತೆ ಮಗ ಇಸಾಕನನ್ನು ಬಲಿಕೊಡಲು ಮೊರೀಯ ಸೀಮೆಗೆ ಕರೆದೊಯ್ಯುವ ಪ್ರಸಂಗದ ಮೇಲಿನ ನಿಮ್ಮ ಲೇಖನ ಓದಿದೆ. ಭಾಷೆ ಹದವಾಗಿದೆ, ನಿರೂಪಣೆಯೂ ಚೆನ್ನಾಗಿದೆ. ಆದರೆ ಮೂರನೆಯ ಪುಟದ ಎರಡು ವಾಕ್ಯಗಳು ನನ್ನನ್ನು ಬಹಳ ಕೆಣಕಿದ್ದರಿಂದ ಅವುಗಳ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.

‘ಯೆಹೂದಿಗಳ ಪ್ರಕಾರ ಇದು ಅಬ್ರಹಾಮನ ನಂಬಿಕೆಯ ಪರೀಕ್ಷೆ’ ಎಂದಿದ್ದೀರಿ. ಯಾವ ಯೆಹೂದಿಗಳ ಪ್ರಕಾರ? ದೇವರು ಪರೀಕ್ಷಿಸಿದನೆಂದು ಮೊದಲ ವಚನವೇ ಹೇಳಿಬಿಡುತ್ತದೆ. ವಿದ್ವಾಂಸರ ಜಗಳ ಶುರುವಾಗುವುದೇ ಅಲ್ಲಿಂದ ಮುಂದೆ. ಎಲ್ಲವನ್ನೂ ಬಲ್ಲವನಿಗೆ ಪರೀಕ್ಷೆಯ ಅಗತ್ಯವೇನು? ದೈವಪ್ರೇಮ ಮತ್ತು ದೈವಭಯ ಎಲ್ಲಿಯವರೆಗೆ ಹೋಗಬೇಕೆಂಬುದನ್ನು ಜನಕ್ಕೆ ತೋರಿಸಲು ಎನ್ನುತ್ತಾರೆ 12ನೆಯ ಶತಮಾನದ ಯೆಹೂದಿ ತತ್ತ್ವಜ್ಞಾನಿ ಮೈಮೊನಿಡೀಸ್. ಅಬ್ರಹಾಮನ ಮನಸ್ಸಿನಲ್ಲಿದ್ದದ್ದು ಕೃತಿಯಾಗಿ ಹೊರಬಂದು ಆ ಕೃತಿಯ ಫಲ ಅವನಿಗೆ ಸಲ್ಲಲೆಂದು ಎನ್ನುತ್ತಾರೆ 13ನೆಯ ಶತಮಾನದ ವ್ಯಾಖ್ಯಾನಕಾರ ನಹ್ಮನಿಡೀಸ್. ಅವರಿಗಿಂತ ಹಿಂದಿನ ವ್ಯಾಖ್ಯಾನಕಾರ ರಾಷ್ಬಾಮ್, ‘ಈ ಸಂಗತಿಗಳಾದ ಮೇಲೆ’ ಎಂಬ ಆರಂಭವನ್ನು ಹಿಡಿದು, ಹಿಂದಿನ ಅಧ್ಯಾಯದಲ್ಲಿ ಅಬ್ರಹಾಮನು ಗೆರಾರಿನ ಅರಸ ಅಬೀಮೆಲೆಕನೊಡನೆ ಒಡಂಬಡಿಕೆ ಮಾಡಿಕೊಂಡದ್ದಕ್ಕೆ ದೇವರು ಕೋಪಗೊಂಡು ಕೊಟ್ಟ ಸಂಕಟವಿದು ಎಂದು ಓದುತ್ತಾರೆ. ಒಬ್ಬರು ಪುಣ್ಯದ ದಾರಿ ಕಾಣುವಲ್ಲಿ ಇನ್ನೊಬ್ಬರು ದಂಡನೆ ಕಾಣುತ್ತಿರುವಾಗ, ಎಲ್ಲರನ್ನೂ ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ, ಧರ್ಮಗ್ರಂಥದ ಮೇಲಿನ ಯಾವ ಲೇಖನ ಬಂದರೂ ಹಿರಿಯ ಸಂಪಾದಕರು ಅಂಚಿನಲ್ಲಿ ಪೆನ್ಸಿಲಿನಿಂದ ‘ಯಾರು? ಮೂಲದಲ್ಲಿ ಎಲ್ಲಿ?’ ಎಂದು ಗೀಚಿ ನನ್ನ ಮೇಜಿಗೆ ಕಳಿಸುತ್ತಿದ್ದರು. ಎರಡಕ್ಕೂ ಉತ್ತರ ಸಿಗದ ವಾಕ್ಯ ಅಚ್ಚಿಗೆ ಹೋಗುತ್ತಿರಲಿಲ್ಲ. ಆ ಅಭ್ಯಾಸ ಇಂದಿಗೂ ಬಿಟ್ಟಿಲ್ಲ.

ಅದೇ ಪ್ರಶ್ನೆ ನಿಮ್ಮ ಎರಡನೆಯ ವಾಕ್ಯಕ್ಕೆ: ‘ಪುಟ್ಟ ಇಸಾಕ ಅಳುತ್ತಾ ಕಟ್ಟಿಗೆಯ ಮೇಲೆ ಮಲಗಿದ.’ ಮೂಲದಲ್ಲಿ ಅಳುವಿಲ್ಲ, ವಯಸ್ಸೂ ಇಲ್ಲ. ಇಸಾಕನು ಕಟ್ಟಿಗೆ ಹೊರುತ್ತಾನೆ. ಬೆಂಕಿಯೂ ಕಟ್ಟಿಗೆಯೂ ಇವೆ, ಹೋಮಕ್ಕೆ ಕುರಿಮರಿ ಎಲ್ಲಿ ಎಂದು ಒಮ್ಮೆ ಕೇಳುತ್ತಾನೆ. ಆಮೇಲೆ ಅವನ ಮಾತಿಲ್ಲ. ಅವನನ್ನು ಹೆತ್ತಾಗ ತಾಯಿ ಸಾರಳಿಗೆ 90, ಸತ್ತಾಗ 127. ಅವಳ ಸಾವು ಮುಂದಿನ ಅಧ್ಯಾಯದಲ್ಲೇ ಬರುವುದರಿಂದ ಎರಡನ್ನೂ ಜೋಡಿಸಿದ ಮಿದ್ರಾಶ್ ಪರಂಪರೆ, ಅಂದರೆ ಪ್ರಾಚೀನ ಯೆಹೂದಿ ಗುರುಗಳ ವ್ಯಾಖ್ಯಾನ ಪರಂಪರೆ, ಅವನಿಗೆ 37 ವರ್ಷವೆನ್ನುತ್ತದೆ. ಹಾಗಾದರೆ ಅವನು ಮುದಿ ತಂದೆಗೆ ತಾನಾಗಿ ಒಪ್ಪಿ ಕೈಯೊಡ್ಡಿದ ಪ್ರಾಯದ ಗಂಡಸು. 12ನೆಯ ಶತಮಾನದ ವ್ಯಾಖ್ಯಾನಕಾರ ಇಬ್ನ್ ಎಜ್ರಾ ಇದನ್ನು ತರ್ಕದಿಂದ ಪ್ರಶ್ನಿಸುತ್ತಾರೆ: ಅವನು ಒಪ್ಪಿಕೊಂಡಿದ್ದರೆ ತಂದೆಗಿಂತ ಇಮ್ಮಡಿ ಹೊಗಳಿಕೆ ಅವನಿಗೆ ಸಲ್ಲಬೇಕಿತ್ತು, ಆದರೆ ಗ್ರಂಥ ಅವನ ಬಗ್ಗೆ ಏನೂ ಹೇಳುವುದಿಲ್ಲ; ಐದು ವರ್ಷದ ಮಗುವಂತೂ ಕಟ್ಟಿಗೆ ಹೊರಲಾರದು; ಆದ್ದರಿಂದ ಸುಮಾರು 13 ಇರಬಹುದು, ತಂದೆ ಬಲವಂತದಿಂದಲೇ ಕಟ್ಟಿಹಾಕಿರಬೇಕು. ನಿಮ್ಮ ಅಳುವ ಮಗು ಈ ಇಡೀ ವಾದವನ್ನು ಅಳಿಸಿಹಾಕಿದೆ.

ಉಳಿದ ಪುಟಗಳನ್ನು ಮುಟ್ಟಬೇಡಿ. ಮೂರನೆಯ ಪುಟವನ್ನು ಮಾತ್ರ, ಪ್ರತಿ ಅಭಿಪ್ರಾಯಕ್ಕೂ ಹೇಳಿದವರ ಹೆಸರನ್ನೂ ಅವರು ಆಧರಿಸಿದ ವಚನವನ್ನೂ ಕೊಟ್ಟು ಮತ್ತೆ ಬರೆದು ಕಳಿಸಿ. ಪ್ರಕಟಿಸಬೇಕೆಂಬ ಆಸೆ ನನಗೂ ಇದೆ.

ಇತಿ,
ಸಂಪಾದಕ