ಬಾಣ ಎಡಕ್ಕೆ ಹೋಗುತ್ತಿದೆಯಾ? ಬೆರಳು ನೋಡಿಕೊಳ್ಳಿ

ಪ್ರಶ್ನೆ: ನಾನು ಚಿಂಚವಾಡದಲ್ಲಿದ್ದೇನೆ. ವಯಸ್ಸು 41, ಬಲಗೈಯವನು. 2023ರಲ್ಲಿ ನಮ್ಮ ಪಕ್ಕದ ಸಾತಾರಾದ ಅದಿತಿ ಸ್ವಾಮಿ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಬಿಲ್ಲಿನ ಆಸೆ ಹತ್ತಿತು. ಈಗ ತುದಿಗಳು ಮುಂದಕ್ಕೆ ಬಾಗಿರುವ ಮರದ ರಿಕರ್ವ್ ಬಿಲ್ಲು ಕೊಂಡಿದ್ದೇನೆ. 40 ಪೌಂಡಿನದು, ಅಂದರೆ ಎಳೆಯಲು ಅಷ್ಟು ಬಲ ಬೇಕು. ಗುರಿ ಹಿಡಿಯುವ ಸೈಟ್ ಇಲ್ಲದ್ದು. ಅವರ ವಿಡಿಯೋ ನೋಡಿಯೇ ಕಲಿಯುತ್ತಿದ್ದೇನೆ. ಬಾಣ ಎಡಕ್ಕೆ ಹೋಗುತ್ತದೆ. ಕೆಲವು ಸಲ ಎಳೆಯುವಾಗಲೇ ಶೆಲ್ಫಿನಿಂದ, ಅಂದರೆ ಬಿಲ್ಲಿನಲ್ಲಿ ಬಾಣ ಕೂರುವ ಅಂಚಿನಿಂದ, ಜಾರಿ ಬೀಳುತ್ತದೆ. ಬೆರಳ ತುದಿ ಸಂಜೆವರೆಗೂ ಜುಮ್ಮೆನ್ನುತ್ತದೆ. ಮೂರು ಬೆರಳನ್ನೂ ಬಾಣದ ಕೆಳಗೇ ಇಡು ಎಂದು ಗೆಳೆಯರು ಹೇಳುತ್ತಾರೆ. ಇಡಲಾ?

ಉತ್ತರ: ಜುಮ್ಮೆನ್ನುವುದು ನಿಲ್ಲುವ ತನಕ ಬಿಲ್ಲು ಮುಟ್ಟಬೇಡಿ. ಬೆರಳ ತುದಿಯ ನರಕ್ಕೆ ಪೆಟ್ಟು ಬೀಳುತ್ತಿದೆ. ಕೆಲವು ದಿನ ಬಿಟ್ಟರೂ ಹೋಗದಿದ್ದರೆ ಡಾಕ್ಟರ್‌ಗೆ ತೋರಿಸಿ. ಮತ್ತೆ ಶುರು ಮಾಡುವಾಗ 20ರಿಂದ 25 ಪೌಂಡಿನ ಬಿಲ್ಲು ಹಿಡಿಯಿರಿ, ಬಾಡಿಗೆಗೋ ಎರವಲಿಗೋ ಸಿಕ್ಕರೂ ಸಾಕು. ಹೊಸಬರಿಗೆ 40 ತುಂಬಾ ಜಾಸ್ತಿ. ಭಾರ ತಡೆಯಲಾರದೆ ಬೆರಳು, ಮಣಿಕಟ್ಟು, ಭುಜ ಎಲ್ಲವೂ ಬಿಗಿಯುತ್ತವೆ. ಹಾಗಿರುವಾಗ ಬಿಡುವುದನ್ನು ಕಲಿಯಲು ಸಾಧ್ಯವೇ ಇಲ್ಲ. ಬರಿಗೈಯಲ್ಲಂತೂ ಎಳೆಯಲೇಬೇಡಿ. ಬೆರಳಿಗೆ ರಕ್ಷಣೆ ಕೊಡುವ ಚರ್ಮದ ತುಂಡು (ಟ್ಯಾಬ್) ಅಥವಾ ಗ್ಲೌಸ್ ಇರಲಿ.

ಇನ್ನೊಂದು ಮಾತು. ಅದಿತಿ ಅವರ ಆಟ ಮನಸಾರೆ ನೋಡಿ, ಆದರೆ ಅವರ ಬಲಗೈಯನ್ನು ಅನುಕರಿಸಬೇಡಿ. ಅವರದು ಕಾಂಪೌಂಡ್ ಬಿಲ್ಲು. ಪೂರ್ತಿ ಎಳೆದಾಗ ಅದರ ಚಕ್ರಗಳು ಭಾರದ ಬಹುಪಾಲನ್ನು ಇಳಿಸಿಬಿಡುತ್ತವೆ. ಹೆದೆಯನ್ನು ಹಿಡಿಯುವುದು, ಬಿಡುವುದು ಒಂದು ಪುಟ್ಟ ಉಪಕರಣ. ನಿಮ್ಮ ಬಿಲ್ಲಿನಲ್ಲಿ ಎಳೆದಷ್ಟೂ ಭಾರ ಏರುತ್ತದೆ, ಅದೆಲ್ಲ ಬೆರಳ ಮೇಲೇ.

ಈಗ ಹಿಡಿತಕ್ಕೆ ಬರೋಣ. ಬೆರಳ ತುದಿಯಲ್ಲಿ ಹಿಡಿದರೆ ಹೆದೆ ಚೆನ್ನಾಗಿ ಜಾರುತ್ತದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆಗುವುದು ಅದರ ಉಲ್ಟಾ. ತುದಿ ಜಾರಬಾರದು ಎಂದು ಕೈಯೆಲ್ಲ ಗಟ್ಟಿ ಹಿಡಿಯಬೇಕಾಗುತ್ತದೆ. ಹೆದೆ ಕೂರಬೇಕಾದ್ದು ಬೆರಳ ತುದಿಯಿಂದ ಮೊದಲ ಗೆಣ್ಣಿನ ಮಡಿಕೆಯಲ್ಲಿ, ಇಲ್ಲವೇ ಕೂದಲೆಳೆಯಷ್ಟು ಒಳಗೆ. ತುಂಬಿದ ಬಕೆಟನ್ನು ಹೇಗೆ ಎತ್ತುತ್ತೀರಿ? ಬೆರಳು ಕೊಕ್ಕೆಯಾಗುತ್ತದೆ, ತೋಳು ಸುಮ್ನೆ ಜೋತಿರುತ್ತದೆ. ಇಲ್ಲೂ ಅಷ್ಟೇ. ಕೊಕ್ಕೆ ಬೆರಳಿನಲ್ಲಿ ಮಾತ್ರ ಇರಲಿ. ಅಂಗೈ ಹಿಂಭಾಗ ಚಪ್ಪಟೆಯಾಗಿರಲಿ, ಮಣಿಕಟ್ಟು ಬಗ್ಗದಿರಲಿ. ಹೆಬ್ಬೆರಳು, ಕಿರುಬೆರಳು ಎರಡನ್ನೂ ಅಂಗೈ ಒಳಗೆ ಮಡಚಿಕೊಳ್ಳಿ. ಹೆಬ್ಬೆರಳು ಹೊರಗೆ ಸೆಟೆದು ನಿಂತರೆ ಇಡೀ ಕೈ ಸೆಟೆಯುತ್ತದೆ. ಭಾರ ಹೆಚ್ಚು ಬೀಳಬೇಕಾದ್ದು ನಡುಬೆರಳಿನ ಮೇಲೆ, ಉಳಿದದ್ದನ್ನು ತೋರುಬೆರಳು ಮತ್ತು ಉಂಗುರಬೆರಳು ಹಂಚಿಕೊಳ್ಳುತ್ತವೆ.

ಬಾಣ ಜಾರುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡು. ತೋರುಬೆರಳು ಮೇಲೆ, ಇನ್ನೆರಡು ಕೆಳಗೆ ಇಟ್ಟಾಗ ಬಾಣದ ಬುಡವನ್ನು ಅವುಗಳ ನಡುವೆ ಅದುಮುತ್ತೀರಿ. ಅಥವಾ ಎಳೆಯುತ್ತಾ ಬೆರಳನ್ನು ಇನ್ನಷ್ಟು ಮಡಚಿಕೊಂಡು ಹೆದೆಯನ್ನು ತಿರುಚುತ್ತೀರಿ. ಬೆರಳಿಗೂ ಬಾಣಕ್ಕೂ ನಡುವೆ ಸಣ್ಣ ಜಾಗ ಬಿಡಿ. ಕೊಕ್ಕೆಯನ್ನು ಎಳೆಯುವ ಮೊದಲೇ ಪೂರ್ತಿ ಹಾಕಿ, ಆಮೇಲೆ ಅಲುಗಿಸಬೇಡಿ.

ಮೂರು ಬೆರಳು ಕೆಳಗಿಡುವುದೂ ಒಳ್ಳೆಯ ಹಿಡಿತವೇ. ಅದುಮುವ ಸಮಸ್ಯೆ ಹೋಗುತ್ತದೆ. ಬಾಣ ಕಣ್ಣಿಗೆ ಹತ್ತಿರ ಬರುವುದರಿಂದ ಕಡಿಮೆ ದೂರದಲ್ಲಿ ಗುರಿ ಸುಲಭ. ಆದರೆ ಹೆದೆ ಮೇಲೆ ಬಾಣ ಸಿಕ್ಕಿಸುವ ಗುರುತನ್ನು ಸ್ವಲ್ಪ ಮೇಲೆ ಏರಿಸಬೇಕು. ಇದನ್ನು ಗೆಳೆಯರು ಹೇಳಿರಲಿಕ್ಕಿಲ್ಲ. ಏರಿಸದಿದ್ದರೆ ಬಾಣದ ಬಾಲ ಮೇಲೆ ಕೆಳಗೆ ಕುಣಿಯುತ್ತದೆ. ನನ್ನನ್ನು ಕೇಳಿದರೆ, ಮೊದಲು ಈಗಿನ ಹಿಡಿತವನ್ನೇ ಸರಿಮಾಡಿಕೊಳ್ಳಿ. ನಿಮ್ಮ ಕೊಕ್ಕೆಯೇ ತಪ್ಪಿದ್ದರೆ ಬೆರಳ ಜಾಗ ಬದಲಿಸಿ ಏನು ಲಾಭ?

ಎಡಕ್ಕೆ ಹೋಗುವುದು ಬಿಡುವ ರೀತಿಯಿಂದ. ನೀವು ಬೆರಳು ಬಿಚ್ಚುತ್ತಿದ್ದೀರಿ, ಕೈಯೂ ಕೆನ್ನೆಯಿಂದ ಹೊರಗೆ ಹಾರುತ್ತಿದೆ. ಆಗ ಹೆದೆ ಬಲಕ್ಕೆ ಎಳೆದುಕೊಳ್ಳುತ್ತದೆ, ಬಾಣದ ಮೂತಿ ಎಡಕ್ಕೆ ತಿರುಗುತ್ತದೆ. ಬೆರಳು ಬಿಚ್ಚುವುದು ಒಂದು ಕೆಲಸವಾಗಲೇಬಾರದು. ಬೆನ್ನು ಎಳೆಯುತ್ತಲೇ ಇರಬೇಕು, ಬಲ ಮೊಣಕೈ ಹಿಂದಕ್ಕೆ ಸರಿಯುತ್ತಲೇ ಇರಬೇಕು. ಆ ಹೊತ್ತಿನಲ್ಲಿ ಬೆರಳು ಹಿಡಿಯುವುದನ್ನು ನಿಲ್ಲಿಸಿದರೆ ಸಾಕು, ಹೆದೆ ತಾನೇ ಬೆರಳನ್ನು ತಳ್ಳಿಕೊಂಡು ಹೋಗುತ್ತದೆ. ಸರಿಯಾಗಿ ಬಿಟ್ಟಿದ್ದೀರಾ ಎಂದು ಕೈಯೇ ಹೇಳುತ್ತದೆ. ಅದು ದವಡೆ ಸವರಿಕೊಂಡು ಕಿವಿಯ ಕೆಳಗೆ ಹೋಗಿ ನಿಂತಿರುತ್ತದೆ. ಕೈ ಮುಂದಕ್ಕೆ ಜರುಗಿದ್ದರೆ ಎಳೆತ ಸಡಿಲಾಗಿದೆ ಅಂತ, ಬಾಣವೂ ಕೆಳಗೆ ಬಿದ್ದಿರುತ್ತದೆ.

ಒಂದು ಪರೀಕ್ಷೆ ಮಾಡಿ. ಬಾಣಗಳು ಚೆಲ್ಲಾಪಿಲ್ಲಿಯಾಗಿ ಎಡಕ್ಕೆ ಬಿದ್ದರೆ ತಪ್ಪು ಬೆರಳಿನದ್ದು. ಎಲ್ಲವೂ ಎಡಕ್ಕೆ ಹೋದರೂ ಒಂದೇ ಕಡೆ ಗುಂಪಾಗಿದ್ದರೆ ಬಾಣ ನಿಮ್ಮ ಬಿಲ್ಲಿಗೆ ಗಡುಸಾಗಿರಬಹುದು. ಬೆರಳಿನಿಂದ ಬಿಟ್ಟ ಬಾಣ ಬಳುಕಿಕೊಂಡೇ ಬಿಲ್ಲನ್ನು ದಾಟುತ್ತದೆ. ತೀರಾ ಗಡುಸಾದರೆ ಅಷ್ಟು ಬಳುಕುವುದಿಲ್ಲ. ನಿಮ್ಮ ಬಾಣ 40 ಪೌಂಡಿಗೆ ಆರಿಸಿದ್ದಲ್ವಾ, ಹಗುರ ಬಿಲ್ಲಿಗೆ ಬೇರೆ ಬೇಕಾಗುತ್ತದೆ.

ಅಭ್ಯಾಸಕ್ಕೆ ಗುರಿ ಹಲಗೆಯ ಕಾಗದ ಕಿತ್ತುಹಾಕಿ. ಬೇರೆ ಯಾರೂ ಹತ್ತಿರ ಇಲ್ಲದಾಗ ಮೂರು ಮೀಟರ್ ದೂರದಲ್ಲಿ ನಿಂತು, ಪೂರ್ತಿ ಎಳೆದ ಮೇಲೆ ಕಣ್ಣು ಮುಚ್ಚಿ ಬಿಡಿ. ಕೈ ಎಲ್ಲಿ ಹೋಯಿತು ಎಂಬುದಷ್ಟೇ ಗಮನದಲ್ಲಿರಲಿ. ಮನೆಯಲ್ಲಿ ಹಗ್ಗದ ಕುಣಿಕೆ ಮಾಡಿಕೊಂಡು ಎಳೆದು ಬಿಡಬಹುದು. ಬಾಣ ಹೂಡದೆ ಬಿಲ್ಲಿನ ಹೆದೆ ಮಾತ್ರ ಯಾವತ್ತೂ ಬಿಡಬೇಡಿ, ಬಿಲ್ಲು ಮುರಿಯುತ್ತದೆ.

ಪ್ರಶ್ನೆ: ನಾವು ಗೋವಾದ ವಾಸ್ಕೋದಲ್ಲಿರುವವರು. ಮೂರೇ ಬೆರಳಿನಲ್ಲಿ ಬಾಣ ಬಿಡುವುದಾದರೆ ಏಕಲವ್ಯನ ಹೆಬ್ಬೆರಳು ಹೋಗಿದ್ದರಿಂದ ಏನು ನಷ್ಟ ಎಂದು ಮಗ ಕೇಳುತ್ತಾನೆ. ಏನು ಹೇಳಲಿ?

ಉತ್ತರ: ಮಗ ಸರಿಯಾದದ್ದನ್ನೇ ಹಿಡಿದಿದ್ದಾನೆ. ಏಕಲವ್ಯ ಆಮೇಲೆ ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ವೇಗ ಉಳಿಯಲಿಲ್ಲ ಎಂದು ಮಹಾಭಾರತದಲ್ಲೇ ಇದೆ. ಹೆಬ್ಬೆರಳ ಹಿಡಿತವೂ ನಿಜವಾದ ಪದ್ಧತಿ. ಮಂಗೋಲರು, ತುರ್ಕರು, ಮೊಘಲರು ಹಾಗೆಯೇ ಎಳೆಯುತ್ತಿದ್ದರು. ಹೆಬ್ಬೆರಳು ಹೆದೆಗೆ ಕೊಕ್ಕೆಯಾಗುತ್ತದೆ, ತೋರುಬೆರಳು ಅದರ ಮೇಲೆ ಬೀಗ ಹಾಕುತ್ತದೆ. ಕುದುರೆ ಮೇಲಿನ ಗಿಡ್ಡ ಬಿಲ್ಲಿಗೆ ಇದೇ ಹೊಂದುತ್ತದೆ. ಗಿಡ್ಡ ಬಿಲ್ಲನ್ನು ಎಳೆದಾಗ ಹೆದೆ ಚೂಪಾಗಿ ಮಡಚಿ ಮೂರು ಬೆರಳನ್ನೂ ಹಿಂಡುತ್ತದೆ. ಹೆಬ್ಬೆರಳು ಒಂದೇ ಇದ್ದರೆ ಆ ತೊಂದರೆ ಇಲ್ಲ. ಮಗನಿಗೆ ಕಲಿಯುವ ಆಸೆ ಇದ್ದರೆ ತುಂಬಾ ಹಗುರವಾದ ಬಿಲ್ಲು ಕೊಡಿಸಿ, ಹೆಬ್ಬೆರಳಿಗೆ ಚರ್ಮದ ಉಂಗುರ ತೊಡಿಸಿ. ಬಲಗೈಯವನಾದರೆ ಬಾಣ ಬಿಲ್ಲಿನ ಬಲಬದಿಗೆ ಇರಬೇಕು. ಎಡಬದಿಗೆ ಇಟ್ಟರೆ ಎಳೆಯುವಾಗಲೇ ಬಿದ್ದುಹೋಗುತ್ತದೆ.