ಕೆಂಪು ಪೆನ್ನಿನಲ್ಲಿ ಸುತ್ತಿದ 42

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಮಗಳ ಪರೀಕ್ಷೆಯ ವರದಿ ಹಿಡಿದು ಅಪ್ಪ ಅಮ್ಮ ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದರು. ಮಗುವನ್ನು ಅದೇ ತರಗತಿಯ ಉಳಿದ ಮಕ್ಕಳ ಜೊತೆ ಹೋಲಿಸಿ ನೋಡುವ ಪರೀಕ್ಷೆ ಅದು. ಅಮ್ಮ ಚೀಲದಿಂದ ತೆಗೆದ ವರದಿಯನ್ನು ಎಷ್ಟು ಸಲ ಬಿಚ್ಚಿ ಮಡಚಿದ್ದರೋ, ಮಡಿಕೆಯ ಗೆರೆಯಲ್ಲಿ ಕಾಗದ ಹರಿಯುತ್ತಾ ಬಂದಿತ್ತು. ಓದಿನ ಸಾಲಿನ ಕೊನೆಯಲ್ಲಿದ್ದ 42ಕ್ಕೆ ಕೆಂಪು ಪೆನ್ನಿನಲ್ಲಿ ಎರಡು ಸುತ್ತು.

"ಕ್ಲಾಸಿನಲ್ಲಿ ಎಂಬತ್ತರ ಮೇಲೆ ತೆಗೆಯೋ ಹುಡುಗಿ, ಮೇಡಂ. ಇಲ್ಲಿ ನೋಡಿದ್ರೆ ಬರೀ ನಲವತ್ತೆರಡು. ಹೋದ ವರ್ಷ ಐವತ್ತಿತ್ತು. ಇಳೀತಾನೇ ಇದ್ದಾಳೆ."

ಅಪ್ಪ ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ವರದಿ ಬಂದ ಮೇಲೆ ಟ್ಯೂಷನ್ ಜಾಸ್ತಿಯಾಗಿದೆ. ಮಲಗುವ ಮುಂಚಿನ ಕಥೆ ಪುಸ್ತಕ ಬಂದ್ ಆಗಿದೆ.

ಆ 42 ಅಂಕವೇ ಅಲ್ಲ. ಅದು ಪರ್ಸೆಂಟೈಲ್. ಪರ್ಸೆಂಟ್, ಪರ್ಸೆಂಟೈಲ್ ಎರಡೂ ಕೇಳಲು ಒಂದೇ ಥರ ಇರುವುದರಿಂದ ಎಷ್ಟು ಮನೆಗಳಲ್ಲಿ ಮಕ್ಕಳು ಸುಮ್ಮಸುಮ್ಮನೆ ಬೈಸಿಕೊಳ್ಳುತ್ತಾರೋ! ಒಂದು ಹಾಳೆಯ ಮೇಲೆ ನೂರು ಚುಕ್ಕಿ ಇಟ್ಟು ಪೆನ್ಸಿಲನ್ನು ಅಮ್ಮನ ಕೈಗೇ ಕೊಟ್ಟೆ. ಇದೇ ತರಗತಿಯ ನೂರು ಮಕ್ಕಳು, ಕಡಿಮೆ ಅಂಕದಿಂದ ಜಾಸ್ತಿ ಅಂಕದವರೆಗೆ ಸಾಲಾಗಿ ನಿಂತಿದ್ದಾರೆ ಅಂದುಕೊಳ್ಳಿ. ನಿಮ್ಮ ಮಗಳ ಹಿಂದೆ ಸುಮಾರು 42 ಜನ. ಅವರು ಎಣಿಸಿ ಗುರುತು ಹಾಕಿದರು. ಗುರುತು ಹೆಚ್ಚುಕಡಿಮೆ ನಡುವಿಗೇ ಬಂತು. "ಇಷ್ಟೇನಾ?" ಅಂದರು. ಇಷ್ಟೇ. 25ರಿಂದ 75ರ ನಡುವೆ ಅರ್ಧದಷ್ಟು ಮಕ್ಕಳು ಇರುತ್ತಾರೆ.

ಇನ್ನು 50 ಹೋಗಿ 42 ಆಗಿದ್ದು. ಪಕ್ಕದ ಕಾಲಮ್ಮಿನಲ್ಲಿ ಸ್ಟ್ಯಾಂಡರ್ಡ್ ಸ್ಕೋರ್ ಇತ್ತು, ಅಂದರೆ ಮಗು ಸರಾಸರಿಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಅಂತ ಹೇಳುವ ಅಂಕ. ಅದರ ಸರಾಸರಿ 100. ಹೋದ ವರ್ಷ ಅವಳದ್ದು 100, ಈ ವರ್ಷ 97. ವ್ಯತ್ಯಾಸ ಮೂರೇ ಮೂರು. ಸಾಲಿನ ನಡುವೆ ಮಕ್ಕಳು ಒತ್ತೊತ್ತಾಗಿ ನಿಂತಿರುವುದರಿಂದ ಒಂದು ಸಣ್ಣ ಹೆಜ್ಜೆಗೇ ಎಂಟು ಜನ ಮುಂದೆ ಹೋಗುತ್ತಾರೆ. ಅದೇ ಮೂರು ಅಂಕ 130ರ ಹತ್ತಿರ ಆಗಿದ್ದರೆ ಒಂದು ಪರ್ಸೆಂಟೈಲ್ ಅಲುಗುತ್ತಿತ್ತು, ಅಷ್ಟೇ. ಜೊತೆಗೆ, 97ರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 93–101 ಅಂತಲೂ ಇತ್ತು. ಇದೇ ಮಗು ಇನ್ನೊಂದು ಬೆಳಗ್ಗೆ ಬರೆದಿದ್ದರೆ ಅಂಕ ಸ್ವಲ್ಪ ಆಚೀಚೆ ಆಗುತ್ತಿತ್ತು ಅಂತ ಪರೀಕ್ಷೆ ಮಾಡಿದವರೇ ಒಪ್ಪಿಕೊಂಡಿರುವ ಅಂತರ ಅದು. ಹೋದ ವರ್ಷದ 100 ಕೂಡ ಅದರೊಳಗೇ ಇದೆ. ಇದನ್ನು ಇಳಿಕೆ ಅನ್ನೋದಕ್ಕೆ ಆಗಲ್ಲ. ಒಂದೇ ಜಾಗದಲ್ಲಿ ನಿಲ್ಲಬೇಕಾದರೂ ಉಳಿದ ಮಕ್ಕಳಷ್ಟೇ ಅವಳೂ ವರ್ಷವಿಡೀ ಕಲಿತಿರಬೇಕು, ಅಲ್ವಾ?

ನನಗೆ ಯೋಚನೆ ಹತ್ತಿಸಿದ್ದು ಎರಡನೇ ಪುಟ. ಅಲ್ಲಿ ಕೆಂಪು ಪೆನ್ನು ತಾಗಿರಲೇ ಇಲ್ಲ. ಗಣಿತದಲ್ಲಿ ವಾಕ್ಯದ ಲೆಕ್ಕಗಳಿಗೆ 108. ಗಡಿಯಾರ ಇಟ್ಟು ಮಾಡಿಸುವ ಕೂಡುವ, ಕಳೆಯುವ ಲೆಕ್ಕಗಳಿಗೆ 82. ಪರ್ಸೆಂಟೈಲ್‌ನಲ್ಲಿ 70 ಮತ್ತು 12. ಇಪ್ಪತ್ತಾರು ಅಂಕದ ಕಂದಕ ಬೆಳಗ್ಗೆಯ ಮೂಡಿನಿಂದ ಬರುವಂಥದ್ದಲ್ಲ.

ಆಗ ಅಪ್ಪ ಬಾಯಿ ಬಿಟ್ಟರು. "ಅವಳು ಮೇಜಿನ ಕೆಳಗೆ ಬೆರಳು ಮಡಚಿ ಎಣಿಸ್ತಾಳೆ. ಬೈತೀವಿ ಅಂತ ಕೈ ಬಚ್ಚಿಟ್ಕೊಳ್ತಾಳೆ."

ನಾನು ಅದಕ್ಕೊಂದು ಹೆಸರು ಹಚ್ಚಲಿಲ್ಲ. ಒಂದು ಪರೀಕ್ಷೆ ನೋಡಿ ಮಗುವಿಗೆ ಹಣೆಪಟ್ಟಿ ಕಟ್ಟುವುದು ತಪ್ಪು. ಹೇಳಿದ್ದು ಇಷ್ಟು: ಟೀಚರ್ ಹತ್ತಿರ ವರದಿಯ ಜೊತೆ ಅವಳ ಲೆಕ್ಕದ ನೋಟ್‌ಬುಕ್ಕನ್ನೂ ಒಯ್ಯಿರಿ. ಒಂದೇ ಮಟ್ಟದ ಲೆಕ್ಕಗಳನ್ನು ಒಮ್ಮೆ ಸಮಯ ಇಟ್ಟು, ಇನ್ನೊಮ್ಮೆ ಸಮಯ ಇಡದೆ ಮಾಡಿಸಲು ಕೇಳಿ. ಎರಡರಲ್ಲೂ ತಪ್ಪು ಬಂದರೆ ವಿವರವಾದ ಪರೀಕ್ಷೆ ಮಾಡಿಸೋಣ. ಓದಿನ ಟ್ಯೂಷನ್ ನಿಲ್ಲಿಸಿ, ಕಥೆ ಪುಸ್ತಕ ಇವತ್ತೇ ವಾಪಸ್ ಕೊಡಿ. ಬೆರಳಲ್ಲಿ ಎಣಿಸಿದರೆ ಎಣಿಸಲಿ.

ಒಂದು ಮಾತನ್ನು ಒತ್ತಿ ಹೇಳಿದೆ. "ನಾನು ಫೇಲಾ?" ಅಂತ ಮಗು ಎರಡು ಸಲ ಕೇಳಿದ್ದಳಂತೆ. ಈ ಪರೀಕ್ಷೆಯಲ್ಲಿ ಪಾಸು ಫೇಲು ಇಲ್ಲವೇ ಇಲ್ಲ. ಅದನ್ನು ನೀವೇ ಕೂರಿಸಿಕೊಂಡು ಹೇಳಬೇಕು, ಆ ಚುಕ್ಕಿಗಳ ಹಾಳೆ ತೋರಿಸಿ.

ಆರು ವಾರದ ನಂತರ ಅಪ್ಪ ಎರಡು ಹಾಳೆ ತಂದರು. ಸಮಯ ಇಡದೆ ಮಾಡಿಸಿದ್ದರಲ್ಲಿ 20ಕ್ಕೆ 18 ಸರಿ. ಸಮಯ ಇಟ್ಟದ್ದರಲ್ಲಿ ಒಂಬತ್ತೇ ಲೆಕ್ಕ ಮಾಡಿದ್ದಳು, ಒಂಬತ್ತೂ ಸರಿ. ಅವಳಿಗೆ ಲೆಕ್ಕ ಬರುತ್ತದೆ, ನಿಧಾನ. ಈಗ ದಿನಕ್ಕೆ ಹತ್ತು ನಿಮಿಷ ಅಪ್ಪನ ಜೊತೆ ಕೂತು ಅಭ್ಯಾಸ ಮಾಡುತ್ತಾಳೆ. ಕೈ ಮೇಜಿನ ಮೇಲೇ ಇರುತ್ತದಂತೆ.